ತಂಬಾಕು ಪ್ಯಾಕೆಟ್ಟಿನ ಹೀರೋ

ನೋಡಿ, ಒಂದೂವರೆ ಇಂಚು ಅಗಲವೂ ಇಲ್ಲದ ರಟ್ಟಿನ ಚೂರು. 2022ರಲ್ಲಿ ಅದು ಮಾರಾಟವಾಗಿದ್ದು 72.5 ಲಕ್ಷ ಡಾಲರಿಗೆ! ಅದರ ಮೇಲಿರೋದು ಹೋನಸ್ ವ್ಯಾಗ್ನರ್, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಬೇಸ್‌ಬಾಲ್ ಆಟಗಾರ. ಕಿತ್ತಳೆ ಹಿನ್ನೆಲೆ, ನಡುಬೈತಲೆ, ಬಿಗಿದ ಮುಖ. ಫೋಟೋ ಇಟ್ಟುಕೊಂಡು, ಕಲ್ಲಚ್ಚಿನಲ್ಲಿ ಒಂದೊಂದೇ ಬಣ್ಣ ಕೂರಿಸಿ ಮಾಡಿದ ಚಿತ್ರ. ತಿರುಗಿಸಿದ್ರೆ ಸಿಗರೇಟ್ ಜಾಹೀರಾತು.

ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರತಂದ 500ಕ್ಕೂ ಹೆಚ್ಚು ಕಾರ್ಡುಗಳಲ್ಲಿ ಇದೂ ಒಂದು. ಮೊದಮೊದಲು ಇಂಥ ರಟ್ಟು ಇಡುತ್ತಿದ್ದದ್ದು ಸಿಗರೇಟ್ ಮುರಿಯದಿರಲಿ ಅಂತ, ಅಷ್ಟೇ. ಚಿತ್ರ ಬಂತು ನೋಡಿ, ಹುಡುಗರು ಕಾರ್ಡಿಗಾಗಿ ಸಿಗರೇಟ್ ಕೊಂಡವರಿಗೆ ದುಂಬಾಲು ಬಿದ್ದರು. ಕಂಪನಿಗೆ ಇನ್ನೇನು ಬೇಕು?

ವ್ಯಾಗ್ನರ್ ಕಾರ್ಡು ಮಾತ್ರ ಬೇಗನೆ ನಿಂತುಹೋಯಿತು. ತನ್ನ ಮುಖಕ್ಕಾಗಿ ಮಕ್ಕಳು ತಂಬಾಕು ಕೊಳ್ಳಬಾರದು ಅಂತ ಈತ ಒಪ್ಪಲಿಲ್ಲ ಅನ್ನೋದು ಒಂದು ಕಥೆ. ದುಡ್ಡಿನ ತಕರಾರು ಅನ್ನೋರೂ ಇದ್ದಾರೆ. ಯಾಕಂದ್ರೆ ಸ್ವತಃ ಈತನೇ ತಂಬಾಕು ಜಗಿಯುತ್ತಿದ್ದ! ಆದರೂ ನಾನು ಮೊದಲ ಕಥೆಯನ್ನೇ ನಂಬುತ್ತೇನೆ. ತಾನು ಬಿಡಲಾಗದ ಚಟ ಮಗನಿಗೆ ಬೇಡ ಅನ್ನೋ ಅಪ್ಪಂದಿರು ಎಷ್ಟು ಜನ ಇಲ್ಲ ಹೇಳಿ?

ಈಗ ಉಳಿದಿರುವ ಕೆಲವೇ ಡಜನ್ ವ್ಯಾಗ್ನರ್ ಕಾರ್ಡುಗಳಲ್ಲಿ ಹೆಚ್ಚಿನವುಗಳ ಬೆನ್ನ ಮೇಲೆ ಇವತ್ತಿಗೂ 'ಸ್ವೀಟ್ ಕ್ಯಾಪೊರಲ್' ಸಿಗರೇಟಿನ ಹೆಸರಿದೆ.