ಸಾರಿನ ಒಡಲಾದ ಸೊಪ್ಪು: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಅಡುಗೆಯ ಇತಿಹಾಸ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಸೀಮೆಯಲ್ಲಿ ಸೊಪ್ಪು ತರಕಾರಿಗಳು ಊಟದ ಅಂಚಿನಲ್ಲಿ ಬಡಿಸುವ ವ್ಯಂಜನಗಳಾಗಿ ಉಳಿಯದೆ, ಮುದ್ದೆಯೊಡನೆ ಉಣ್ಣುವ ಸಾರಿನ ಒಡಲೇ ಆಗಿ ಬೆಳೆದುಬಂದಿವೆ. ಇದಕ್ಕೆ ಕಾರಣವನ್ನು ಅಡುಗೆಮನೆಗಿಂತ ಮೊದಲು ಹೊಲದಲ್ಲಿ ಹುಡುಕಬೇಕಾಗುತ್ತದೆ. ಬೇಲೂರಿನ ಪಶ್ಚಿಮದ ಊರುಗಳು ಮಲೆನಾಡಿಗೆ ಸೇರಿದರೆ, ಅರಸೀಕೆರೆ ರಾಗಿ ಮತ್ತು ತೆಂಗಿನ ಬಯಲುಸೀಮೆ. ಬೇಲೂರಿನಿಂದ 16 ಕಿಲೋಮೀಟರ್ ದೂರದ ಹಳೇಬೀಡು ಇವೆರಡರ ನಡುವಿನ ಅರೆಮಲೆನಾಡು. ಮಳೆಯ ಈ ವ್ಯತ್ಯಾಸವೇ ಒಂದೊಂದು ಊರಿನ ಸಾರಿಗೆ ಒಂದೊಂದು ರುಚಿಯನ್ನು ಕೊಟ್ಟಿದೆ.

ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಕಾಲಕ್ಕಾಗಲೇ ದೋರಸಮುದ್ರವೆಂಬ ಹೆಸರಿನ ಹಳೇಬೀಡು ಹೊಯ್ಸಳರ ರಾಜಧಾನಿಯಾಗಿತ್ತು, 1220ರ ವೇಳೆಗೆ ಅರಸೀಕೆರೆಯಲ್ಲಿಯೂ ಶಿವಾಲಯವೊಂದು ಎದ್ದುನಿಂತಿತು. ಈ ಕಾಲದ ದಾನಶಾಸನಗಳು ಕೆರೆಯ ಕೆಳಗಿನ ಗದ್ದೆಯನ್ನೂ ದೇವರ ನೈವೇದ್ಯಕ್ಕೆ ಬಿಟ್ಟ ಭೂಮಿಯನ್ನೂ ಎಚ್ಚರಿಕೆಯಿಂದ ದಾಖಲಿಸುತ್ತವೆ. ಆದರೆ ತೆರಿಗೆಯ ಲೆಕ್ಕಕ್ಕೆ ಬಾರದ ಹಿತ್ತಲ ಸೊಪ್ಪು ಕಲ್ಲಿನ ಮೇಲೆ ಕಾಣಿಸಿಕೊಳ್ಳುವುದು ಅಪರೂಪ. ಆ ಕೊರತೆಯನ್ನು ಸಾಹಿತ್ಯ ಸ್ವಲ್ಪಮಟ್ಟಿಗೆ ತುಂಬುತ್ತದೆ. ಸುಮಾರು 1025ರಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೇ ಒಂದು ಪ್ರಕರಣವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ವು ಬದನೆ, ಹಲಸು, ಬಾಳೆಗಳ ಬಗೆಬಗೆಯ ಪಾಕಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಇವೆರಡೂ ಅರಮನೆ ಮತ್ತು ಸಿರಿವಂತರ ಪಾಕಶಾಲೆಗೆ ಹತ್ತಿರವಾದ ಕೃತಿಗಳು. ರೈತರ ಮನೆಯ ಒಲೆಯ ಇತಿಹಾಸವನ್ನು ತಿಳಿಯಲು ಬೇಸಾಯದ ಕ್ರಮವನ್ನೇ ಆಧಾರವಾಗಿ ಹಿಡಿಯಬೇಕು.

ಆ ಕ್ರಮದ ಹೆಸರು ಅಕ್ಕಡಿ. ರಾಗಿಯನ್ನು ಕೂರಿಗೆಯಿಂದ ಸಾಲುಹಿಡಿದು ಬಿತ್ತುವಾಗ, ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳ ಬೀಜವನ್ನು ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಬಿದಿರಿನ ಕೊಳವೆಯ ಮೂಲಕ ಬಿಡುವ ಪದ್ಧತಿ ಇದು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ರಾಗಿಯ ನಡುವೆ ಅವರೆ ತೊಗರಿಗಳನ್ನು ಸಾಲಾಗಿ ಬಿತ್ತುವ ಈ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸುವ ತೊಗರಿ ಉಳಿಯುತ್ತಿತ್ತು. ರಾಗಿಯ ಕೊಯ್ಲು ಮುಗಿದ ಮೇಲೂ ಅವರೆ ಚಳಿಗಾಲದುದ್ದಕ್ಕೂ ಸೊಗಡಿನ ಕಾಯಿ ಬಿಡುತ್ತಿತ್ತು. ಕಳೆ ಕೀಳಲು ಹೋದ ಹೆಂಗಸರು ಅಣ್ಣೆ, ಗೋಣಿ, ಕನ್ನೆ, ಗಣಿಕೆ ಸೊಪ್ಪುಗಳನ್ನು ಮಡಿಲು ತುಂಬಿಕೊಂಡು ಬರುತ್ತಿದ್ದರು. ಹೀಗೆ ಹಲವು ಕುಡಿಗಳು ಕೂಡಿದ ರಾಶಿಗೆ ಬೆರಕೆ ಸೊಪ್ಪು ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಯಾರೂ ಬಿತ್ತದ, ಕಾಸು ಕೊಡದೆ ಸಿಗುತ್ತಿದ್ದ ಈ ಸೊಪ್ಪೇ ಬಡವರ ಮನೆಯ ಊಟದ ಸತ್ತ್ವವನ್ನು ಕಾಪಾಡಿತೆಂಬುದನ್ನು ಕೃಷಿಯ ಇತಿಹಾಸ ಬರೆದವರು ಇನ್ನಷ್ಟು ಗೌರವದಿಂದ ಹೇಳಬೇಕಿತ್ತು.

ಈ ಬೆಳೆಗಳಿಂದ ರೂಪುಗೊಂಡ ಅಡುಗೆಗಳಲ್ಲಿ ಬಸ್ಸಾರು ಮುಖ್ಯವಾದುದು. ತೊಗರಿಬೇಳೆ, ಹುರುಳಿ ಅಥವಾ ಅಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಸೊಪ್ಪನ್ನು ಉಪ್ಪಿನೊಡನೆ ಹಾಕಿ ಬೇಯಿಸಿ ನೀರನ್ನು ಬಸಿಯುತ್ತಾರೆ. ಈ ನೀರಿಗೆ ಕಟ್ಟು ಎಂದು ಹೆಸರು. ಬೆಂದ ಸೊಪ್ಪು ಕಾಳಿನಲ್ಲಿ ಒಂದು ಹಿಡಿಯನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಹುಣಸೆ, ತೆಂಗಿನಕಾಯಿಗಳೊಡನೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಗುತ್ತದೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ ಹುಟ್ಟುವ, ಬೇಯಿಸಿದ ನೀರನ್ನೂ ಚೆಲ್ಲದ ಈ ವಿಧಾನವು ಒಬ್ಬೊಬ್ಬರ ತಟ್ಟೆಗೆ ಬೀಳುವ ಸೊಪ್ಪಿನ ಪ್ರಮಾಣವನ್ನು ಸಹಜವಾಗಿಯೇ ಹೆಚ್ಚಿಸುತ್ತದೆ. ಕಟ್ಟನ್ನು ಉಪ್ಪಿನಲ್ಲೇ ಬಿಟ್ಟು ಖಾರವನ್ನು ಬೇರೆಯಾಗಿ ಅರೆದು ಕಲಸಿಕೊಳ್ಳುವ ಉಪ್ಸಾರು, ಬೇಳೆ ಸೊಪ್ಪುಗಳನ್ನು ಒಟ್ಟಿಗೆ ಮಸೆಯುವ ಮಸ್ಸೊಪ್ಪು ಇದರ ಸೋದರ ರೂಪಗಳು. ಬೇಲೂರಿನ ಮಲೆನಾಡಿನ ಮಗ್ಗುಲಿನಲ್ಲಿ ಕೆಸುವಿನ ಸೊಪ್ಪು, ಹಲಸು, ನೀರು ಬದಲಿಸಿ ದಿನಗಟ್ಟಲೆ ನೆನೆಸಿ ಕಹಿ ತೆಗೆದ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಅಕ್ಕಿ ರೊಟ್ಟಿಗೆ ಜೊತೆಯಾದವು.

ಬಸ್ಸಾರು, ಉಪ್ಸಾರುಗಳ ಖಾರಕ್ಕೆ ಬೀಳುವ ಮೆಣಸಿನಕಾಯಿ ಮಾತ್ರ ಅಷ್ಟು ಹಳೆಯದಲ್ಲ. ಪೋರ್ಚುಗೀಸರು ಅಮೆರಿಕದಿಂದ ತಂದ ಮೇಲಷ್ಟೇ ಅದು ಇಲ್ಲಿ ಹರಡಿತು. ಅದಕ್ಕೂ ಮೊದಲು ಖಾರಕ್ಕೆ ಕಾಳುಮೆಣಸೇ ಗತಿಯಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನ ಅಧಿಕಾರಿ ಜಾನ್ ಕ್ಯಾಮೆರಾನ್ ಸೀಮೆಬದನೆಯಂತಹ ಹೊಸ ತರಕಾರಿಗಳನ್ನು ಪರಿಚಯಿಸಿದನು; 1880ರ ದಶಕದಲ್ಲಿ ಅರಸೀಕೆರೆಗೆ ರೈಲು ಬಂದು ದೂರದ ಪೇಟೆಗಳು ಹತ್ತಿರವಾದವು. ಮುಂದೆ ಹಾಸನ ಸೀಮೆಗೆ ಹೆಸರು ತಂದ ಆಲೂಗಡ್ಡೆ ಮುಂಗಾರಿನ ಹಣದ ಬೆಳೆಯಾಗಿ ಬೇರೂರಿತು, ಆದರೆ ಅದರ ಬಿತ್ತನೆಗಡ್ಡೆಗಾಗಿ ರೈತರು ಪಂಜಾಬಿನ ಜಲಂಧರವನ್ನು ನೆಚ್ಚಬೇಕಾಯಿತು, ಅಂಗಮಾರಿ ರೋಗ ಹೊಡೆದ ವರ್ಷಗಳಲ್ಲಿ ಹೂಡಿದ ಬಂಡವಾಳವೂ ಕೈಸೇರದಾಯಿತು. ಹೊಸ ತರಕಾರಿ ಬಂದುದು ನಷ್ಟವಲ್ಲ. ಅದರ ಜೊತೆಜೊತೆಗೆ ಹೊಲವು ಒಂಟಿ ಬೆಳೆಗೆ ತಿರುಗಿ, ಕಳೆನಾಶಕದ ಸಿಂಪಡಣೆ ಬೆರಕೆ ಸೊಪ್ಪನ್ನು ಬೇರುಸಹಿತ ಅಳಿಸತೊಡಗಿದ್ದು ದೊಡ್ಡ ನಷ್ಟ.

ದಿನದ ಅಡುಗೆಗೆ ಹೆಚ್ಚು ತರಕಾರಿ ಬರಲಿ ಎಂದು ಬಯಸುವವರು ಪೇಟೆಯ ಪಟ್ಟಿಯನ್ನು ಉದ್ದಮಾಡುವ ಮೊದಲು, ರಾಗಿಯ ನಡುವೆ ಅವರೆ ಅಲಸಂದೆಗಳ ನಾಲ್ಕು ಅಕ್ಕಡಿ ಸಾಲುಗಳನ್ನು ಮತ್ತೆ ಬಿಡಲಿ, ಹೊಲದ ಒಂದು ಅಂಚನ್ನಾದರೂ ಔಷಧಿ ಸೋಕದಂತೆ ಸೊಪ್ಪಿಗಾಗಿ ಉಳಿಸಲಿ.