ಲೂಟಿಯಿಂದ ‘ಲೂಟ್’ವರೆಗೆ: ಆಟದ ಮಾತುಗಳ ಹಿಂದಿನ ಇತಿಹಾಸ

ಚಾಮುಂಡಿ ಬೆಟ್ಟದ 1000 ಮೆಟ್ಟಿಲುಗಳಲ್ಲಿ ಸುಮಾರು 700ನ್ನು ಹತ್ತಿದರೆ ದೊಡ್ಡ ನಂದಿ ಸಿಗುತ್ತದೆ. ಬೆಳಗಿನ ವ್ಯಾಯಾಮಕ್ಕೆ ಬಂದವರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುವುದು ರೂಢಿ. ಒಂದು ಭಾನುವಾರ ನಾಲ್ವರು ಹುಡುಗರು ಅಲ್ಲಿ ಮೊಬೈಲ್ ಹಿಡಿದು ಆಡುತ್ತಿದ್ದರು. “ಮೊದಲು ಲೂಟ್ ಮಾಡೋ, ಆಮೇಲೆ ಫೈಟ್!” “ನಾಕ್ ಆದೆ, ಬಂದು ಎತ್ರೋ!” “ಲೇ ನೂಬ್, ಗ್ರೆನೇಡ್ ಹಾಕು!” ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬೆಚ್ಚಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ನೂಬ್ ಅಂದ್ರೇನಪ್ಪ?” ಎಂದು ಕೇಳಿದೆ. “ಆಡೋಕೆ ಬರದವನು ಅಂಕಲ್” ಎಂದ ಒಬ್ಬ. ಆ ಬಿರುದು ಪಡೆದ ಹುಡುಗ ತಲೆ ತಗ್ಗಿಸಿದ. “ಲೂಟ್ ಎಲ್ಲಿಯ ಮಾತು?” ಎಂದರೆ, “ಇಂಗ್ಲಿಷ್ ಅಲ್ವಾ ಅಂಕಲ್?” ಎಂದರು. ಉತ್ತರ ಅಷ್ಟು ಸುಲಭವಲ್ಲ.

ಪಬ್ಜಿ ಆಟ 2017ರಲ್ಲಿ ಕಂಪ್ಯೂಟರಿಗೂ 2018ರಲ್ಲಿ ಮೊಬೈಲಿಗೂ ಬಂತು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಮೊಬೈಲ್ ಆಟವನ್ನು ನಿಷೇಧಿಸಿತು. 2021ರಲ್ಲಿ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. ಆದರೆ ಇಂತಹ ಆಟಗಳ ಮಾತುಗಳು ಆಟಗಳಿಗಿಂತ ಬಹಳ ಹಳೆಯವು. ಅವುಗಳಲ್ಲಿ ಹಲವು ನಿಜವಾದ ಯುದ್ಧಗಳಿಂದ ಬಂದವು.

‘ಫ್ರ್ಯಾಗ್’ ಎಂಬ ಮಾತನ್ನೇ ನೋಡಿ. ಎದುರಾಳಿಯನ್ನು ಕೊಂದರೆ ಆಟಗಾರರು ಒಂದು ಫ್ರ್ಯಾಗ್ ಎಂದು ಎಣಿಸುತ್ತಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಕೆಲವು ಸೈನಿಕರು ತಮ್ಮ ಅಧಿಕಾರಿಗಳ ಮೇಲೆಯೇ ಫ್ರ್ಯಾಗ್ಮೆಂಟೇಷನ್ ಗ್ರೆನೇಡ್ ಎಸೆಯುತ್ತಿದ್ದರು. ಆ ಕೃತ್ಯಕ್ಕೆ ಇಟ್ಟ ಹೆಸರೇ ಇದು. 1993ರ ಡೂಮ್ ಆಟದ ಕಾಲಕ್ಕೆ ಅದು ಅಂಕ ಎಣಿಸುವ ಮಾತಾಯಿತು. ‘ನೂಬ್’ ಎಂಬುದು ‘ನ್ಯೂಬಿ’, ಅಂದರೆ ಹೊಸಬ, ಎಂಬ ಪದದಿಂದ ಬಂದದ್ದು. ಹೊಸಬನೆಂಬ ಸಾಧಾರಣ ಮಾತು ಇಂದು ಬೈಗುಳವಾಗಿದೆ.

ನಮ್ಮ ಕನ್ನಡದಲ್ಲಿಯೂ ಹೀಗೆಯೇ ನಡೆದಿದೆ. ‘ಫಿರಂಗಿ’ ಎಂದರೆ ಮೂಲತಃ ಫ್ರಾಂಕ್ ಜನ, ಅಂದರೆ ಯೂರೋಪಿನವರು; ಅವರು ತಂದ ತೋಪಿಗೂ ಅದೇ ಹೆಸರಾಯಿತು. ‘ಬಂದೂಕು’ ಅರಬ್ಬಿಯ ‘ಬುಂದುಕ್’ನಿಂದ ಬಂದದ್ದು. ಅದು ಮೊದಲು ಒಂದು ಕಾಯಿಯ ಹೆಸರು. ಆಮೇಲೆ ಗುಂಡಿಗೆ, ಕೊನೆಗೆ ಗುಂಡು ಹಾರಿಸುವ ಆಯುಧಕ್ಕೆ ಬಂತು. ‘ಸಿಪಾಯಿ’ ಪಾರಸಿಯದು. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಸೈನ್ಯದಲ್ಲಿ ಪಾರಸಿ ಪದಗಳು ತುಂಬಿದ್ದವು.

ಇನ್ನು ‘ಲೂಟ್’. ಇದು ಹಿಂದೂಸ್ತಾನಿಯ ಮಾತು, ಕನ್ನಡದಲ್ಲಿ ಲೂಟಿಯಾಗಿದೆ. ಬ್ರಿಟಿಷರು ಇದನ್ನು ಕಲಿತದ್ದು ಭಾರತದಲ್ಲಿ. 18ನೆಯ ಶತಮಾನದ ಕೊನೆಗೆ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಂಡ ಈ ಪದ 19ನೆಯ ಶತಮಾನದಲ್ಲಿ ಅಲ್ಲಿ ನೆಲೆಯೂರಿತು.

ಬೆಟ್ಟದಿಂದ ಉತ್ತರ ದಿಕ್ಕಿಗೆ ನೋಡಿದರೆ ಆ ಕಡೆಯೇ ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ರಾತ್ರಿ ಊರಿನ ಮನೆಮನೆಗೂ ಸೈನಿಕರು ನುಗ್ಗಿದರು. ಮರುದಿನ ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು, ಕೆಲವರನ್ನು ಗಲ್ಲಿಗೇರಿಸಿ ಕೆಲವರಿಗೆ ಚಾಟಿಯೇಟು ಕೊಡಿಸಿದ ಮೇಲೆಯೇ ಲೂಟಿ ಹತೋಟಿಗೆ ಬಂದದ್ದು. ಸುಲ್ತಾನನ ಯಾಂತ್ರಿಕ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸುಮಾರು 2000 ಗ್ರಂಥಗಳಿದ್ದ ಅವನ ಗ್ರಂಥಾಲಯವೂ ಗೆದ್ದವರ ಪಾಲಾಯಿತು. ಅದರ ವಿವರಣಾತ್ಮಕ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಕೇಂಬ್ರಿಡ್ಜಿನಲ್ಲಿ ಅಚ್ಚು ಹಾಕಿಸಿದ. ಒಡವೆ ಹೋದರೆ ಮತ್ತೆ ಮಾಡಿಸಬಹುದು. ಒಂದು ನಾಡಿನ ಪುಸ್ತಕಭಂಡಾರ ಹೋದರೆ ತುಂಬಿಕೊಡುವವರಾರು? ಇದೇ ನೆಲದಲ್ಲಿ ಕಣ್ಣೀರು ಹರಿಸಿದ ಮಾತು, ಕಡಲು ದಾಟಿ ಇಂಗ್ಲಿಷಿನ ಉಡುಪು ತೊಟ್ಟು, ಆಟದ ಮಾತಾಗಿ ನಮ್ಮ ಮಕ್ಕಳ ಬಾಯಿಗೆ ಮರಳಿದೆ.

ಹಾಗಾದರೆ ಆಡಬಾರದೇ? ಹಾಗಲ್ಲ. ಕಾಳಗವನ್ನು ಆಟವಾಗಿಸುವುದು ಮೈಸೂರಿಗೆ ಹೊಸದಲ್ಲ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ; ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲಲೇಬೇಕು. ನಮ್ಮ ಗರಡಿಮನೆಗಳ ಕುಸ್ತಿ, ಪೈಲ್ವಾನ್, ಉಸ್ತಾದ್ ಎಂಬ ಮಾತುಗಳೂ ಪಾರಸಿಯಿಂದ ಬಂದವೇ. ಉಸ್ತಾದ್ ಎಂದರೆ ಗುರು. ಗರಡಿಗೆ ಬಂದ ಹೊಸಬ ಅಲ್ಲಿ ಶಿಷ್ಯ, ‘ನೂಬ್’ ಅಲ್ಲ. ಆನ್‌ಲೈನ್ ಆಟದಲ್ಲಿಯೂ ಇಂತಹ ಮರ್ಯಾದೆಯುಂಟು. 1998ರ ಸ್ಟಾರ್‌ಕ್ರಾಫ್ಟ್ ಆಟದಲ್ಲಿ ಸೋಲೊಪ್ಪುವವನು ‘ಜಿಜಿ’, ಅಂದರೆ ‘ಒಳ್ಳೆಯ ಆಟ’, ಎಂದು ಬರೆದು ಹೊರಡುವುದು ಪದ್ಧತಿಯಾಗಿತ್ತು.

ವಿದ್ಯಾರ್ಥಿ ಮಿತ್ರರೇ, ಆಡುವ ಮಾತಿನ ಚರಿತ್ರೆ ತಿಳಿದವನು ಅದನ್ನು ಎಲ್ಲಿ, ಯಾರ ಮುಂದೆ ಆಡಬೇಕೆಂಬುದನ್ನೂ ತಿಳಿಯುತ್ತಾನೆ. ಅಂದು ಬೆಚ್ಚಿದ ಅಜ್ಜಿಗೆ ಅದು ಆಟವೆಂದು ಗೊತ್ತಿರಲಿಲ್ಲ. ತಲೆ ತಗ್ಗಿಸಿದ ಹುಡುಗನಿಗೆ ಆಟವೆಂದು ಗೊತ್ತಿತ್ತು, ಆದರೂ ನೋವಾಯಿತು. ಇನ್ನೊಮ್ಮೆ ‘ಲೂಟ್’ ಎನ್ನುವಾಗ ಶ್ರೀರಂಗಪಟ್ಟಣದ ಆ ರಾತ್ರಿ ನೆನಪಾಗಲಿ. ‘ನೂಬ್’ ಎನ್ನುವ ಮುನ್ನ, ನಾವೂ ಒಂದು ದಿನ ಹೊಸಬರಾಗಿದ್ದೆವೆಂಬುದು ನೆನಪಾಗಲಿ.