ಸಾಲಗುಂದವೋ, ಸಾಲಗಂಡವೋ?

ಸಿಂಧನೂರು ತಾಲ್ಲೂಕಿನ ಸಾಲಗುಂದದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಇಬ್ಬರು ಆಂಗ್ಲರ ಕೈಗೆ ಕೊಟ್ಟೆವೆನ್ನಿ. ಉತ್ತರದ ಲ್ಯಾಂಕಷೈರಿನವನು ‘ಗುಂಡ’ ಎಂದಾನು; ಲಂಡನ್ನಿನವನು ‘ಗಂಡ’ ಎಂದಾನು! ಇಬ್ಬರ ದಕಾರವೂ ನಮ್ಮ ಕಿವಿಗೆ ಡಕಾರವೇ. ‘ಯು’ ಅಕ್ಷರ ಉತ್ತರ ಇಂಗ್ಲೆಂಡಿನಲ್ಲಿ ಇಂದಿಗೂ ‘ಉ’. ದಕ್ಷಿಣದಲ್ಲಿ 17ನೆಯ ಶತಮಾನದಿಂದೀಚೆಗೆ ಅನೇಕ ಪದಗಳಲ್ಲಿ ಅದು ‘ಅ’ದತ್ತ ವಾಲಿತು.

ಬ್ರಿಟಿಷ್ ಅಧಿಕಾರಿಗಳು ಈ ದಕ್ಷಿಣದ ರೂಢಿಯನ್ನೇ ಹಿಡಿದರು. ಪಂಜಾಬಿನ ಮೊದಲ ಅಕ್ಷರದ ಅಕಾರಕ್ಕೆ ‘ಯು’ ಬಿದ್ದದ್ದು ಹೀಗೆ. ಹಾಗಾದರೆ ನಿಜವಾದ ಉಕಾರಕ್ಕೆ ಏನು ಗತಿ? ಎರಡು ‘ಓ’ ಜೋಡಿಸಿದರು. ಲಿಂಗಸುಗೂರಿನ ದಂಡಿನ ಕಾಗದಪತ್ರಗಳಲ್ಲಿ ಊರಿನ ಹೆಸರಿಗೆ ನಾಲ್ಕು ‘ಓ’ ಅಂಟಿಕೊಂಡವು. ಮುಂದೆ ಗ್ಲಾಸ್ಗೋದಲ್ಲಿ ಹುಟ್ಟಿದ ವಿಲಿಯಂ ಹಂಟರ್ ಹೆಸರಿನ ಲಿಪ್ಯಂತರ ಪದ್ಧತಿ ಬಂದು, ಉಕಾರಕ್ಕೆ ‘ಯು’ವನ್ನೇ ಗೊತ್ತುಮಾಡಿತು. ಅಕ್ಷರ ಬದಲಾಯಿತು, ಓದುವ ನಾಲಗೆ ಬದಲಾಗಲಿಲ್ಲ. ‘ಲಿಂಗ’ದ ಕೊನೆಯ ಅಕಾರವೂ ಮರಳಲಿಲ್ಲ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹತ್ತಿರವಾದವು. ಲಿಂಗಸುಗೂರು ಆ ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೂ ಕಾಗುಣಿತವೊಂದೇ ಹೆಸರನ್ನು ಕಾಯಲಾರದು. ಪರದೇಶದಲ್ಲಿ ಯಾರಾದರೂ ‘ಯಾವೂರು?’ ಎಂದರೆ ಬರೆದು ತೋರಿಸಿ ಸುಮ್ಮನಾಗಬಾರದು, ಬಾಯಿಬಿಟ್ಟು ಹೇಳಿಕೊಡಬೇಕು.